ಬರೀ ಥ್ರೋ ಡೌನ್

ತಪ್ಪು ಕ್ಯಾಮೆರಾದ್ದೇ ಇರಬೇಕು ಅಂದುಕೊಂಡಳು ಪದ್ಮಜಾ. ಮೂರು ಕಾಲಿನ ಸ್ಟ್ಯಾಂಡನ್ನು ಎತ್ತಿ ಹುಲ್ಲು ಸಮವಾಗಿದ್ದ ಕಡೆ ಇಟ್ಟಳು. ಕಣ್ಣು ಕಿರಿದು ಮಾಡಿ ನೋಡಿ ಒಂದು ಕಾಲನ್ನು ಕೂದಲೆಳೆಯಷ್ಟು ತಗ್ಗಿಸಿದಳು. ಆಮೇಲೆ ಮೈದಾನದ ನಡುವಿನ ಮಣ್ಣುದಿಬ್ಬದ ಮೇಲೆ ನಿಂತಿದ್ದ ಹುಡುಗನಿಗೆ ಕೈ ಎತ್ತಿ ಸನ್ನೆ ಮಾಡಿದಳು. ಸಿದ್ಧಾಂತ್ ಎಡಗಾಲನ್ನು ಎದೆಯವರೆಗೆ ಎತ್ತಿ, ಬೆನ್ನು ತಿರುವಿ, ಬಿಲ್ಲಿನಂತೆ ಬಾಗಿ ಚೆಂಡು ಎಸೆದ. ಅದು ಎದುರಿಗೆ ಕುಕ್ಕರಗಾಲಲ್ಲಿ ಕೂತಿದ್ದ ಕ್ಯಾಚರನ ಗ್ಲೌಸಿಗೆ ಟಪ್ಪೆಂದು ಬಿತ್ತು. ನೋಡುವವರಿಗೆ ಯಾವ ಊನವೂ ಕಾಣುತ್ತಿರಲಿಲ್ಲ. ಆದರೆ ಲ್ಯಾಪ್‌ಟಾಪಿನ ಪರದೆಯಲ್ಲಿ, ಚೆಂಡು ಅವನ ಬೆರಳು ಬಿಟ್ಟ ಜಾಗ ಶುಕ್ರವಾರದ ಜಾಗಕ್ಕಿಂತ ಕೆಳಗಿತ್ತು.

ಶುಕ್ರವಾರ ಅವನು ಮ್ಯಾಚ್ ಆಡಿದ್ದ. ಆಮೇಲೆ ವಾರಾಂತ್ಯವಿಡೀ ವಿಶ್ರಾಂತಿ. ದಣಿದ ತೋಳು ಜೋಲುತ್ತದೆ, ಬಿಡುವು ಸಿಕ್ಕ ತೋಳು ಮೇಲೇಳುತ್ತದೆ. ತಂಡದಲ್ಲಿ ಚೆಂಡು ಎಸೆಯುವ ಉಳಿದ ಮೂವರು ಪಿಚರ್‌ಗಳ ತೋಳುಗಳೂ ಹಾಗೇ ನಡೆದುಕೊಂಡಿದ್ದವು. ಇವನೊಬ್ಬನದು ಮಾತ್ರ ಬಿಡುವಿನ ನಂತರ ಇನ್ನಷ್ಟು ಇಳಿದಿತ್ತು.

ಪದ್ಮಜಾ ಡಾಕ್ಟರೇಟ್ ಪಡೆದು ಪರದೇಶದ ಆ ವಿಶ್ವವಿದ್ಯಾಲಯದಲ್ಲಿ ಸಂಖ್ಯಾಶಾಸ್ತ್ರ ಕಲಿಸುತ್ತಿದ್ದವಳು. ಬೇಸ್‌ಬಾಲ್ ಅವಳಿಗೆ ಗೊತ್ತಿದ್ದ ಆಟವಲ್ಲ. ಮೈಸೂರಿನಲ್ಲಿ ಅಣ್ಣಂದಿರ ನಡುವೆ ಕ್ರಿಕೆಟ್ ನೋಡಿ ಬೆಳೆದವಳು. ಮೊಣಕೈ ಬಾಗಿಸಿ ಚೆಂಡು ಹಾಕಿದರೆ ಅಲ್ಲಿ ಮಹಾಪಾಪ. ಇಲ್ಲಿ ನೋಡಿದರೆ ಮೊಣಕೈ ಬಾಗಿಸಿ ಎಸೆಯುವುದೇ ಇಡೀ ಆಟ. ಸೀಸನ್ ಶುರುವಾದಾಗ ತಂಡದ ಕೋಚ್ ಚುವಾ ಅವಳ ವಿಭಾಗಕ್ಕೆ ಬಂದು, ತನ್ನ ನಾಲ್ಕು ಪಿಚರ್‌ಗಳನ್ನು ಯಾರಾದರೂ ಲೆಕ್ಕ ಬಲ್ಲವರು ವಾರವಾರ ಅಳೆದು ಕೊಡಬೇಕು ಎಂದು ಕೇಳಿದ್ದ. ಯಾರ ಕೈ ಗಟ್ಟಿಯಾಗಿದೆ, ಯಾರ ಕೈ ಸೋಲುತ್ತಿದೆ, ಯಾರನ್ನು ಯಾವಾಗ ಮೈದಾನಕ್ಕೆ ಇಳಿಸಬೇಕು. ಎಸೆತ ಮನುಷ್ಯರ ಹಾಗೆ ಬೇರೆ ಬೇರೆಯವರ ಮುಂದೆ ಬೇರೆ ಬೇರೆ ಮಾತಾಡುವುದಿಲ್ಲ ಎಂಬ ಒಂದೇ ಕಾರಣಕ್ಕೆ ಅವಳು ಒಪ್ಪಿಕೊಂಡಿದ್ದಳು.

ಅಭ್ಯಾಸ ಮುಗಿದ ಮೇಲೆ ಸಿದ್ಧಾಂತನನ್ನು ಕರೆದಳು. ಅವನು ಗುರುತಿನ ಹುಡುಗ. ಅವನಪ್ಪ ಶ್ರೀಕಂಠ ಅವಳ ಗಂಡನ ಗೆಳೆಯ. ಸೆಂಬವಾಂಗ್‌ನಲ್ಲಿ ಎರಡೂ ಮನೆಗಳು ಒಂದೇ ಕಾಂಡೋ ಅಪಾರ್ಟ್‌ಮೆಂಟಿನಲ್ಲಿದ್ದವು.

"ಮೊಣಕೈ ನೋಯ್ತಿದೆಯಾ?"

"ಇಲ್ಲ ಆಂಟಿ. ಓಕೆ ಲಾ." ಇಲ್ಲಿ ಬೆಳೆದವರ ಹಾಗೆ ಕೊನೆಗೊಂದು 'ಲಾ' ಸೇರಿಸಿದ.

"ಭಾನುವಾರ ಏನ್ ಮಾಡ್ದೆ?"

"ರೆಸ್ಟ್ ಆಂಟಿ."

"ಕ್ರಿಕೆಟ್ ಏನಾದ್ರೂ? ಬೌಲಿಂಗ್ ಗೀಲಿಂಗ್?"

"ಅಯ್ಯೋ, ಕೋಚ್ ಬ್ಯಾನ್ ಮಾಡಿದಾರೆ. ಬೌಲಿಂಗ್ ಮಾಡೇ ಇಲ್ಲ, ಪ್ರಾಮಿಸ್." ನಗುತ್ತಾ ಬ್ಯಾಗನ್ನು ಎಡಗೈಯಲ್ಲಿ ಎತ್ತಿಕೊಂಡು ಹೊರಟ. ಅವಳು ಅದನ್ನೂ ನೋಡಿದಳು. ನೋಡುವುದು ಅವಳಿಗೆ ಚಟ. ಹೇಳುವುದಕ್ಕೆ ಮಾತ್ರ ಹತ್ತು ಸಲ ಯೋಚಿಸುವವಳು.

ಆ ವಾರದ ವರದಿಯಲ್ಲಿ ಸಿದ್ಧಾಂತನ ಹೆಸರಿನ ಮುಂದೆ 'ಗಮನಿಸುತ್ತಿರಬೇಕು' ಎಂದು ಬರೆದಳು. ಕೋಚ್ ಚುವಾ ಓದಿ ನಕ್ಕ.

"ಡಾಕ್ಟರ್, ನಿಮ್ಮ ರಿಪೋರ್ಟು ಹವಾಮಾನದವರ ಮಾತಿದ್ದ ಹಾಗಿದೆ. ಮಳೆ ಬರಬಹುದು, ಬರದೆಯೂ ಇರಬಹುದು. ಛತ್ರಿ ತರಬೇಕಾ ಬೇಡವಾ ಅಷ್ಟು ಹೇಳಿ ಲಾ."

"ಇನ್ನೊಂದು ವಾರ ನೋಡಿ ಹೇಳ್ತೀನಿ" ಅಂದಳು.

"ಮುಂದಿನ ಶನಿವಾರ ಫೈನಲ್. ತೈವಾನ್‌ನಿಂದ ಒಂದು ಯೂನಿವರ್ಸಿಟಿಯ ಕೋಚ್ ನೋಡೋಕೆ ಬರ್ತಿದಾನೆ. ಒಬ್ಬ ಪಿಚರ್‌ನ ಒಂದು ವರ್ಷಕ್ಕೆ ಕರ್ಕೊಂಡು ಹೋಗ್ತಾನಂತೆ. ಸಿದ್ಧಾಂತ್ ಹೆಸರು ಕೊಟ್ಟಿದೀನಿ. ಅವನನ್ನೇ ಇಳಿಸಬೇಕು ಅಂತಿದೀನಿ. ನಿಮಗೆ ಬೇಡ ಅನ್ನಿಸಿದ್ರೆ ಬೇಡ ಅಂತ ಬರೀರಿ. ಬರೆದದ್ದನ್ನ ನಾನು ಮೀರಲ್ಲ."

ಆ ಕೊನೆಯ ಮಾತು ಅವಳ ಎದೆಯ ಮೇಲೆ ಕೂತಿತು. ಅವಳು ಮನೆಯಲ್ಲಿ ಮತ್ತೆ ಮತ್ತೆ ವಿಡಿಯೋ ಹಾಕಿ ನೋಡಿದಳು. ದಣಿದ ಪಿಚರ್ ಚೆಂಡು ಎಸೆಯುವಾಗ ತೋಳು ಕೆಳಗಿಳಿದು, ಭಾರವೆಲ್ಲ ಮೊಣಕೈಯ ಒಳಮಗ್ಗುಲಿನ ನಾರಿನ ಮೇಲೆ ಬೀಳುತ್ತದೆ. ಆ ನಾರು ಹರಿದರೆ ಶಸ್ತ್ರಚಿಕಿತ್ಸೆ. ಅದಾದ ಮೇಲೂ ಎಷ್ಟೋ ಜನರ ಕೈ ಮೊದಲಿನ ಹಾಗೆ ಆಗುವುದಿಲ್ಲ. ಇದನ್ನೆಲ್ಲ ಓದಿಕೊಂಡಿದ್ದಳು. ಆದರೆ ವಿಶ್ರಾಂತಿ ಪಡೆದ ಕೈ ಯಾಕೆ ದಣಿಯುತ್ತದೆ ಎಂದು ಯಾರೂ ಎಲ್ಲೂ ಬರೆದಿರಲಿಲ್ಲ.

ಭಾನುವಾರ ಸಂಜೆ ಉತ್ತರ ಅವಳ ಸೋಫಾದ ಮೇಲೆ ಬೋರಲಾಗಿ ಮಲಗಿತ್ತು.

ಅವಳ ಗಂಡ ದ್ವಾರಕನಾಥ ರಾಫೆಲ್ಸ್ ಪ್ಲೇಸಿನ ಒಂದು ಬ್ಯಾಂಕಿನಲ್ಲಿ ದೊಡ್ಡ ಹುದ್ದೆಯಲ್ಲಿದ್ದವನು. ವಾರವಿಡೀ ಇಸ್ತ್ರಿ ಕೆಡದ ಮನುಷ್ಯ, ರಾಜ್ಯೋತ್ಸವ ಕಪ್ ಹತ್ತಿರ ಬಂತೆಂದರೆ ಹುಡುಗನಾಗಿಬಿಡುತ್ತಿದ್ದ. ನಲವತ್ತು ದಾಟಿದ ಕನ್ನಡಿಗರ ತಂಡಗಳು ವರ್ಷಕ್ಕೊಮ್ಮೆ ಆಡುವ ಕ್ರಿಕೆಟ್ ಅದು. ಹೋದ ವರ್ಷ ಟೋವಾ ಪಾಯೋ ಬಡಾವಣೆಯವರ ತಂಡದಲ್ಲಿ ಆಗಷ್ಟೇ ನಲವತ್ತು ದಾಟಿದ ಫಾಸ್ಟ್ ಬೌಲರ್ ಒಬ್ಬ ಬಂದು, ಇವರ ಸೆಂಬವಾಂಗ್ ತಂಡವನ್ನು ಊಟದ ಹೊತ್ತಿಗೆ ಮುಂಚೆಯೇ ಮನೆಗೆ ಕಳಿಸಿದ್ದ. ಆ ಅವಮಾನ ದ್ವಾರಕನಾಥನಿಗೆ ಇನ್ನೂ ಅರಗಿರಲಿಲ್ಲ. ಅವನೇ ಕ್ಯಾಪ್ಟನ್.

ಈಗ ಅವನ ತೊಡೆಯ ಹಿಂಭಾಗದಲ್ಲಿ ಅಂಗೈಯಗಲದ ನೀಲಿ ಮಚ್ಚೆ ಎದ್ದಿತ್ತು. ನಡುವೆ ಚೆಂಡಿನ ಹೊಲಿಗೆಯ ಗುರುತು ಕೂಡ ಕಾಣುತ್ತಿತ್ತು. ಪದ್ಮಜಾ ನೋವಿನೆಣ್ಣೆ ಹಚ್ಚುತ್ತಾ ಕೇಳಿದಳು:

"ನಿಮ್ಮ ಟೀಮಲ್ಲಿ ಇಷ್ಟು ಜೋರಾಗಿ ಹಾಕೋರು ಯಾರ್ರೀ ಇದಾರೆ? ಎಲ್ಲರಿಗೂ ಮಂಡಿ ನೋವು."

"ಹೊರಗಿಂದ ತರಿಸಿದೀವಿ" ಅಂದ, ದಿಂಬಿನೊಳಗಿಂದಲೇ ಹೆಮ್ಮೆಯಿಂದ. "ನಮ್ಮ ಶ್ರೀಕಂಠನ ಮಗ."

ಅವಳ ಕೈ ನಿಂತಿತು.

"ಸಿದ್ಧಾಂತ್ ಬೌಲಿಂಗ್ ಮಾಡ್ತಾನಾ?"

"ಬೌಲಿಂಗ್ ಎಲ್ಲಿ ಬಂತು? ಬರೀ ಥ್ರೋ ಡೌನ್. ಹತ್ತಿರದಲ್ಲಿ ನಿಂತು ಎಸೀತಾನೆ, ನಾವು ಆಡ್ತೀವಿ. ಅಬ್ಬಾ, ಏನ್ ಸ್ಪೀಡ್ ಅಂತೀಯಾ! ಬೌಲಿಂಗ್ ಮಷೀನ್ ಬುಕ್ ಮಾಡೋದೇ ಬೇಡ. ಅಯ್ಯೋ, ಉಜ್ಜೇ, ಯಾಕೆ ನಿಲ್ಲಿಸ್ದೆ?"

ಥ್ರೋ ಡೌನ್. ಕ್ರಿಕೆಟ್ಟಿನಲ್ಲಿ ಬೆಳೆದವರಿಗೆ ಅದು ಆಟವಲ್ಲ, ಕೆಲಸವೂ ಅಲ್ಲ. ಬ್ಯಾಟು ಹಿಡಿದವನ ಅಭ್ಯಾಸಕ್ಕೆಂದು ಯಾರೋ ಒಬ್ಬ ಹತ್ತಿರ ನಿಂತು ಚೆಂಡು ಎಸೆಯುವುದು. ಎಷ್ಟು ಎಸೆದ ಎಂದು ಯಾರೂ ಎಣಿಸುವುದಿಲ್ಲ. ಎಸೆದವನ ಹೆಸರೂ ಯಾರಿಗೂ ನೆನಪಿರುವುದಿಲ್ಲ. ಅವಳೂ ಅವನನ್ನು ಬೌಲಿಂಗ್ ಮಾಡಿದೆಯಾ ಎಂದೇ ಕೇಳಿದ್ದಳು. ಬೌಲಿಂಗಿನಲ್ಲಿ ಮೊಣಕೈ ನೆಟ್ಟಗಿರುತ್ತದೆ. ಥ್ರೋ ಡೌನಿನಲ್ಲಿ ಬಾಗುತ್ತದೆ, ಪಿಚರ್‌ನ ಕೈಯಂತೆಯೇ. ಅವನಿಗೆ ಯಾವುದರಿಂದ ಬಿಡುವು ಬೇಕಿತ್ತೋ ಅದನ್ನೇ ಈ ಗಂಡಸರು ಶನಿವಾರ ಭಾನುವಾರ ಅವನಿಂದ ಮಾಡಿಸುತ್ತಿದ್ದರು.

"ಎಷ್ಟು ಹೊತ್ತು ಎಸೀತಾನೆ?"

"ಹನ್ನೊಂದು ಜನ ಅಲ್ವಾ ನಾವು, ಎಲ್ಲರಿಗೂ ಒಂದೊಂದು ರೌಂಡು. ಆಮೇಲೆ ನನಗೆ ಇನ್ನೊಂದು."

"ರೀ, ಅವನ ಕೈ ಹೋಗುತ್ತೆ."

ದ್ವಾರಕನಾಥ ಎದ್ದು ಕೂತ. "ಇಪ್ಪತ್ತು ವರ್ಷದ ಹುಡುಗ ಕಣೇ. ಆ ವಯಸ್ಸಲ್ಲಿ ನಾವು ಬೆಳಿಗ್ಗೆಯಿಂದ ಸಂಜೆತನಕ ಆಡ್ತಿದ್ವಿ."

"ನೀವು ಆಡ್ತಿದ್ರಿ. ಅವನು ಆಡ್ತಾ ಇಲ್ಲ. ನಿಮ್ಮನ್ನ ಆಡಿಸ್ತಿದಾನೆ."

"ಶ್ರೀಕಂಠನೇ ಕಳಿಸ್ತಿರೋದು. ಡಿಸೆಂಬರ್‌ಗೆ ನಮ್ಮ ಬ್ಯಾಂಕಲ್ಲಿ ಇಂಟರ್ನ್‌ಶಿಪ್‌ಗೆ ಅವನ ಹೆಸರು ಹೇಳ್ತೀನಿ ಅಂದಿದೀನಿ. ನಾನೇನು ಕಟ್ಟಿ ಹಾಕ್ಕೊಂಡು ಬಂದಿದೀನಾ? ಖುಷಿಯಾಗಿ ಬರ್ತಾನೆ, ಕೂತು ನಿನ್ನ ಪುಳಿಯೋಗರೆ ತಿಂದು ಹೋಗ್ತಾನೆ."

ಪುಳಿಯೋಗರೆ. ಒಂದು ತಿಂಗಳಿಂದ ನೆಟ್ಸಿನ ಅಭ್ಯಾಸಕ್ಕೆಂದು ಡಬ್ಬಿ ತುಂಬಿಸಿ ಕೊಟ್ಟವಳು ಅವಳೇ. ಈಚೆಗೆ ಸ್ವಲ್ಪ ಜಾಸ್ತಿ ಇಡು ಎಂದು ಅವನು ಹೇಳಿದ್ದಕ್ಕೆ ಯಾಕೆಂದು ಕೂಡ ಕೇಳಿರಲಿಲ್ಲ.

"ನಾಳೆಯಿಂದ ಅವನನ್ನ ಕರೀಬೇಡಿ. ಬೇಡ್ಕೋತೀನಿ."

"ಕಪ್ ಮುಗೀಲಿ" ಅಂದ ದ್ವಾರಕನಾಥ, ಬ್ಯಾಂಕಿನಲ್ಲಿ ಸಾಲದ ಅರ್ಜಿಯನ್ನು ಪಕ್ಕಕ್ಕಿಡುವ ದನಿಯಲ್ಲಿ. "ಆಮೇಲೆ ಅವನೂ ಬೇಡ, ಥ್ರೋ ಡೌನೂ ಬೇಡ. ಮತ್ತೆ ಆ ಕೋಚ್ ಹತ್ರ ಬಾಯಿ ಬಿಟ್ಟೀಯ, ಜೋಕೆ. ಹುಡುಗನ ಹೊಟ್ಟೆ ಮೇಲೆ ಹೊಡೆದ ಹಾಗೆ."

ಮರುದಿನ ಕ್ಯಾಂಟೀನಿನಲ್ಲಿ ಅವಳು ಸಿದ್ಧಾಂತನ ಎದುರು ಹೋಗಿ ಕೂತಳು. ಅವನು ಅವಳ ಮುಖ ನೋಡಿಯೇ ಚಮಚ ಕೆಳಗಿಟ್ಟ. ಎಡಗೈಯಲ್ಲಿ ತಿನ್ನುತ್ತಿದ್ದ.

"ಅಂಕಲ್ ಹೇಳಿದ್ರಾ?"

"ರೆಸ್ಟ್ ಅಂದೆಯಲ್ಲೋ ನನಗೆ."

"ಬೌಲಿಂಗ್ ಮಾಡಿಲ್ಲ ಆಂಟಿ. ಅದು ನಿಜ ತಾನೆ."

"ಸಿದ್ಧಾಂತ್."

ಅವನು ತಟ್ಟೆಯನ್ನು ಪಕ್ಕಕ್ಕೆ ಸರಿಸಿದ. ಆಮೇಲೆ ತಗ್ಗಿದ ದನಿಯಲ್ಲಿ ಹೇಳಿದ: "ಬೆಳಿಗ್ಗೆ ಹಲ್ಲುಜ್ಜೋಕೆ ಆಗಲ್ಲ ಆಂಟಿ. ಅರ್ಧ ಗಂಟೆ ಬೇಕು ಕೈ ಬಿಡಿಸೋಕೆ. ಆಮೇಲೆ ಸರಿ ಹೋಗುತ್ತೆ. ಶನಿವಾರದ ತನಕ ಮ್ಯಾನೇಜ್ ಮಾಡ್ತೀನಿ. ಪ್ಲೀಸ್, ಕೋಚ್‌ಗೆ ಹೇಳಬೇಡಿ."

"ನೆಟ್ಸಿಗೆ ಬರಲ್ಲ ಅಂತ ಹೇಳಿಬಿಡು."

"ನಾನಾ? ಅಂಕಲ್‌ಗಾ?" ಅವನು ಮೊದಲ ಸಲ ಅವಳ ಕಣ್ಣಲ್ಲಿ ಕಣ್ಣಿಟ್ಟು ನೋಡಿದ. "ಅಪ್ಪ ಸಾಯಿಸಿಬಿಡ್ತಾರೆ. ಇಂಟರ್ನ್‌ಶಿಪ್ ಸಿಗದಿದ್ರೆ ಬೇಸ್‌ಬಾಲೂ ಬಂದ್ ಅಂದಿದಾರೆ. ನೀವೇ ಹೇಳಿ ಆಂಟಿ, ನಿಮ್ಮ ಹಸ್ಬೆಂಡ್ ಅಲ್ವಾ."

"ಹೇಳಿದೆ."

"ಏನಂದ್ರು?"

ಅವಳು ಅವನು ಕೆಳಗಿಟ್ಟ ಚಮಚವನ್ನು ನೇರ ಮಾಡಿಟ್ಟಳು. ಹುಡುಗ ನಕ್ಕ. ಆ ನಗುವಿನಲ್ಲಿ ಗೌರವ ಕಡಿಮೆಯಾಗಿರಲಿಲ್ಲ, ಅದೇ ಅವಳಿಗೆ ಹೆಚ್ಚು ಚುಚ್ಚಿತು. "ನೋಡಿದ್ರಾ? ನಿಮ್ಮಿಂದಲೇ ಆಗಲಿಲ್ಲ."

ಅವಳು ಮಂಗಳವಾರ ಬೆಳಿಗ್ಗೆಯವರೆಗೆ ತೂಗಿ ನೋಡಿದಳು. ಹೇಳಿದರೆ ಎರಡು ಮೂರು ವಾರ ಕೂರಿಸುತ್ತಾರೆ. ಫೈನಲ್ ತಪ್ಪುತ್ತದೆ, ತೈವಾನ್ ಈ ವರ್ಷ ತಪ್ಪುತ್ತದೆ, ಕೈ ಉಳಿಯುತ್ತದೆ. ಕೈ ಉಳಿದರೆ ಮುಂದಿನ ವರ್ಷವೂ ಇರುತ್ತದೆ. ಹೇಳದಿದ್ದರೆ, ಶನಿವಾರದ ಯಾವುದೋ ಒಂದು ಎಸೆತಕ್ಕೆ ಅದು ಹರಿಯುತ್ತದೆ, ಮತ್ತು ಹರಿಯುವ ಮುಂಚೆ ತನಗೆ ಗೊತ್ತಿತ್ತು ಎಂಬುದು ತನಗೆ ಮಾತ್ರ ಗೊತ್ತಿರುತ್ತದೆ. ವರದಿಯಲ್ಲಿ 'ಗಮನಿಸುತ್ತಿರಬೇಕು' ಎಂಬುದನ್ನು ಅಳಿಸಿ, 'ಇಳಿಸಬಾರದು. ತೋಳಿಗೆ ವಿಶ್ರಾಂತಿ ಸಿಕ್ಕಿಲ್ಲ' ಎಂದು ಬರೆದಳು. ಅಷ್ಟು ನೆಟ್ಟಗಿನ ವಾಕ್ಯವನ್ನು ಬರೆದು ಅವಳಿಗೆ ಎಷ್ಟೋ ಕಾಲವಾಗಿತ್ತು.

ಕೋಚ್ ಚುವಾ ಓದಿ ಈ ಸಲ ನಗಲಿಲ್ಲ.

"ವಿಶ್ರಾಂತಿ ಸಿಕ್ಕಿಲ್ಲ ಅಂದ್ರೆ? ವಾರಾಂತ್ಯ ನಾನೇ ಕೊಟ್ಟಿದ್ದೆ."

ಅವಳು ಹೇಳಿದಳು. ನೆಟ್ಸ್, ಹನ್ನೊಂದು ಗಂಡಸರು, ಅದರಲ್ಲಿ ತನ್ನ ಗಂಡ. ಗಂಡನ ವಿಷಯಕ್ಕೆ ಬಂದಾಗಲೂ ಮಾತು ತಡೆಯಲಿಲ್ಲ. ಇಂಟರ್ನ್‌ಶಿಪ್ಪಿನ ಮಾತನ್ನೂ ಹೇಳಿದಳು, ಹುಡುಗನ ತಪ್ಪು ಕಡಿಮೆ ಎಂದು ತೋರಲಿ ಎಂದು.

ಕೋಚ್ ಪೆನ್ನಿನ ಕ್ಯಾಪನ್ನು ತೆಗೆದು ಹಾಕಿ ತೆಗೆದು ಹಾಕಿ ಮಾಡಿದ. "ಒಂದು ಕೇಳ್ತೀನಿ ಡಾಕ್ಟರ್. ಭಾನುವಾರ ಏನ್ ಮಾಡ್ದೆ ಅಂತ ನೀವು ಅವನನ್ನ ಕೇಳಿದ್ರಾ?"

"ಕೇಳಿದೆ."

"ಏನಂದ?"

ಬೌಲಿಂಗ್ ಮಾಡಿಲ್ಲ ಅಂದ ಎಂದು ಹೇಳಬಹುದಿತ್ತು. ಅದೂ ನಿಜವೇ. ಆದರೆ ಕೇಳಿದ ಪ್ರಶ್ನೆಗೆ ಅವನು ಕೊಟ್ಟ ಉತ್ತರ ಬೇರೆ ಇತ್ತು. ಒಂದು ಅಂಕಿಯನ್ನು ಕೂಡ ಆಚೀಚೆ ಮಾಡದೆ ಬಂದವಳಿಗೆ ಆ ಅರ್ಧ ಸತ್ಯಕ್ಕೆ ನಾಲಿಗೆ ಹೊರಳಲಿಲ್ಲ.

"ರೆಸ್ಟ್ ಅಂದ."

"ಹಾಗಾದ್ರೆ ಸುಳ್ಳು ಹೇಳಿದ." ಕೋಚ್ ಕ್ಯಾಪನ್ನು ಮುಚ್ಚಿದ. "ಕೈ ನೋವಾದವನನ್ನ ಕೂರಿಸ್ತೀನಿ. ಸುಳ್ಳು ಹೇಳಿದವನನ್ನ ತೆಗೀತೀನಿ. ಸೀಸನ್ನಿನ ಮೊದಲ ದಿನವೇ ಎಲ್ಲರಿಗೂ ಹೇಳಿದ ರೂಲು."

"ನಾನು ಬರೆದದ್ದು ವಿಶ್ರಾಂತಿ ಕೊಡಿ ಅಂತ."

"ಕೊಡ್ತಿದೀನಲ್ಲ" ಅಂದ ಕೋಚ್ ಚುವಾ. "ಪೂರ್ತಿ ಕೊಡ್ತಿದೀನಿ." ಆಮೇಲೆ, ಬಾಗಿಲ ತನಕ ಬಂದು, ಮೆತ್ತಗೆ ಸೇರಿಸಿದ: "ಥ್ಯಾಂಕ್ಯೂ ಡಾಕ್ಟರ್. ಇದು ಒಳ್ಳೇ ರಿಪೋರ್ಟು."

ಸಂಜೆ ಎಂ.ಆರ್.ಟಿ. ರೈಲಿನಲ್ಲಿ ನಿಂತಿದ್ದಾಗ ಸಿದ್ಧಾಂತನ ಅಮ್ಮ ತೃಪ್ತಿಯ ಫೋನು ಬಂತು. ಹಲೋ ಕೂಡ ಇಲ್ಲ.

"ಪದ್ಮಜಾ ಅವರೇ, ಸಂತೋಷ ಆಯ್ತಾ?"

"ತೃಪ್ತಿ, ಅವನ ಮೊಣಕೈ..."

"ಮೊಣಕೈ ನಾನು ಹೆತ್ತಿದ್ದು. ನೋವಿದ್ರೆ ನಂಗೆ ಹೇಳಬೇಕಿತ್ತು, ಅದೇ ಕಾಂಡೋದಲ್ಲಿ ಇದೀನಿ, ಲಿಫ್ಟಲ್ಲಿ ದಿನಾ ಸಿಗ್ತೀನಿ. ಕಾಫಿ ಪುಡಿ ಖಾಲಿ ಆದ್ರೆ ಬಾಗಿಲು ತಟ್ಟೋಕೆ ಬರುತ್ತೆ ನಿಮಗೆ. ಇದಕ್ಕೆ ಬರಲಿಲ್ಲ."

"ನೀವು ನೆಟ್ಸಿಗೆ ಕಳಿಸೋದು ನಿಲ್ಲಿಸ್ತಿದ್ರಾ?"

ಆ ಕಡೆ ಬಾಗಿಲು ಮುಚ್ಚಿದ ಸದ್ದಾಯಿತು. ಆಮೇಲೆ: "ನಿಮ್ಮ ಯಜಮಾನರು ಕರೆದ್ರೆ ಯಾರು ಬೇಡ ಅಂತಾರೆ ಈ ಊರಲ್ಲಿ? ಮನೇಲಿ ಅವರನ್ನ ನಿಲ್ಲಿಸೋಕೆ ಧೈರ್ಯ ಸಾಲಲಿಲ್ಲ, ಅಲ್ಲಿ ಹೋಗಿ ನನ್ನ ಮಗನನ್ನ ನಿಲ್ಲಿಸಿದ್ರಿ. ಇನ್ನು ಮುಂದೆ ನಮ್ಮನೆ ವಿಷಯ ಅಳೆಯೋಕೆ ಬರಬೇಡಿ."

ಸೆಂಬವಾಂಗ್ ಬರುವವರೆಗೆ ಪದ್ಮಜಾ ಫೋನನ್ನು ಕಿವಿಯಿಂದ ತೆಗೆಯಲಿಲ್ಲ. ಅದು ಯಾವಾಗಲೋ ಕಟ್ಟಾಗಿತ್ತು. ಅವಳು ಆ ಮಾತಿನಲ್ಲಿ ತಪ್ಪು ಎಲ್ಲಿದೆ ಎಂದು ಹುಡುಕುತ್ತಿದ್ದಳು, ಸಿಗಲಿಲ್ಲ.

ದ್ವಾರಕನಾಥ ಕೂಗಾಡಲಿಲ್ಲ. ಊಟ ಮಾಡಿದ, ತಟ್ಟೆ ತೊಳೆದಿಟ್ಟ, ಕೈ ಒರೆಸಿಕೊಳ್ಳುತ್ತಾ ಅಂದ: "ಹೊರಗಿನವರ ಮುಂದೆ ನನ್ನ ಹೆಸರು ಹೇಳಿದೆಯಂತೆ."

"ಹೌದು."

"ಸರಿ" ಅಂದು ಟೀವಿ ಹಚ್ಚಿದ. ನಾಲ್ಕು ದಿನ ಆ 'ಸರಿ'ಯೇ ಮನೆಯಲ್ಲಿ ಓಡಾಡಿಕೊಂಡಿತ್ತು.

ಶನಿವಾರದ ಫೈನಲ್‌ನಲ್ಲಿ ಬೇರೆ ಹುಡುಗ ಎಸೆದ. ಪದ್ಮಜಾ ಕ್ಯಾಮೆರಾ ಹಿಂದೆ ನಿಂತು ಅಳೆದಳು. ತಂಡ ಸೋತಿತು. ತೈವಾನಿನಿಂದ ಬಂದವನು ಆ ಇನ್ನೊಬ್ಬ ಹುಡುಗನ ಜೊತೆ ಬೇಲಿಯ ಬಳಿ ನಿಂತು ಬಹಳ ಹೊತ್ತು ಮಾತಾಡಿದ. ಸಿದ್ಧಾಂತ್ ಬಂದಿರಲಿಲ್ಲ. ಬಂದಿರಬಾರದು ಎಂದುಕೊಂಡೇ ಅವಳು ಗ್ಯಾಲರಿಯನ್ನು ಎರಡು ಸಲ ನೋಡಿದ್ದಳು. ಕೈ ಉಳಿಯಿತಲ್ಲ ಎಂದು ತನಗೆ ತಾನೇ ಹೇಳಿಕೊಂಡಳು. ಆ ವಾರ ಅವಳ ಬಳಿ ಉಳಿದಿದ್ದದ್ದು ಅದೊಂದೇ.

ಭಾನುವಾರ ಮಧ್ಯಾಹ್ನ ದ್ವಾರಕನಾಥ ಪ್ಯಾಡು ಜೋಡಿಸಿಕೊಳ್ಳುತ್ತಿದ್ದ. ನಾಲ್ಕು ದಿನದ ನಂತರ ಅವನ ದನಿಯಲ್ಲಿ ಉತ್ಸಾಹ ಬಂದಿತ್ತು.

"ಪುಳಿಯೋಗರೆ ಇದೆಯಾ? ಸ್ವಲ್ಪ ಜಾಸ್ತಿ ಹಾಕು."

"ಯಾಕೆ?"

"ಸಿದ್ಧಾಂತ್ ಈಗ ವಾರದ ಮಧ್ಯದಲ್ಲೂ ಬರ್ತಾನಂತೆ. ಫ್ರೀ ಆಗಿದಾನಲ್ಲ." ಅವನು ಬ್ಯಾಗಿನ ಜಿಪ್ ಎಳೆದ. "ಕಾಲೇಜಿನವರೇ ಬೇಡ ಅಂದ ಮೇಲೆ ಇನ್ಯಾವ ರೂಲು? ಶ್ರೀಕಂಠನೇ ಫೋನ್ ಮಾಡಿದ್ದ. ಬೇಸ್‌ಬಾಲಂತೂ ಹೋಯ್ತು, ಇಂಟರ್ನ್‌ಶಿಪ್ ಆದ್ರೂ ಗಟ್ಟಿ ಮಾಡ್ಕೊಡಪ್ಪ ಅಂದ."

ಅವಳು ಡಬ್ಬಿ ತುಂಬಲಿಲ್ಲ. ಅವನು ಹೋದ ಮೇಲೆ ಖಾಲಿ ಡಬ್ಬಿಯನ್ನು ಕಪಾಟಿನಲ್ಲಿ ಇಟ್ಟಳು. ಆಮೇಲೆ ಚಪ್ಪಲಿ ಮೆಟ್ಟಿ, ಕಟ್ಟಡಗಳ ಕೆಳಗೆ ತೆರೆದುಬಿಟ್ಟ ವಾಯ್ಡ್ ಡೆಕ್‌ಗಳ ನೆರಳು ಹಿಡಿದು ನೆಟ್ಸಿನ ಕಡೆ ನಡೆದಳು. ಏನು ಮಾಡಬೇಕೆಂದು ಅವಳಿಗೆ ಗೊತ್ತಿರಲಿಲ್ಲ. ಹಾಗೆ ಗೊತ್ತಿಲ್ಲದೆ ಅವಳು ಎಲ್ಲಿಗೂ ಹೋದವಳಲ್ಲ.

ಬಲೆಯ ಒಂದು ತುದಿಯಲ್ಲಿ ದ್ವಾರಕನಾಥ ಬ್ಯಾಟು ಹಿಡಿದಿದ್ದ. ಇನ್ನೊಂದು ಕಡೆ ಚೆಂಡಿನ ಬಕೆಟ್ಟಿನ ಪಕ್ಕ ಸಿದ್ಧಾಂತ್. ಬಲೆಯ ಹೊರಗೆ ನಾಲ್ಕೈದು ಗಂಡಸರು ಪ್ಯಾಡು ಕಟ್ಟಿಕೊಂಡು ಸರದಿಗೆ ಕೂತಿದ್ದರು. ಅವಳಿಗೆ ಕ್ಯಾಮೆರಾ ಬೇಕಾಗಲಿಲ್ಲ. ಹುಡುಗನ ಕೈ ಈಗ ಭುಜದ ಮಟ್ಟಕ್ಕೂ ಏರುತ್ತಿರಲಿಲ್ಲ. ಪ್ರತಿ ಎಸೆತದ ನಂತರ ಅವನು ಬೆರಳುಗಳನ್ನು ಒಂದು ಸಲ ಕೊಡವುತ್ತಿದ್ದ, ಬಿಸಿ ಪಾತ್ರೆ ಮುಟ್ಟಿದವನ ಹಾಗೆ.

"ಸೂಪರ್ ಕಣೋ! ಇನ್ನೊಂದು, ಇದೇ ಲೈನು!" ಅಂದ ದ್ವಾರಕನಾಥ.

ಅವನು ಹೊಡೆದ ಚೆಂಡು ಬಲೆಯ ಕೆಳಗಿನ ಹರಕಿನಿಂದ ನುಸುಳಿ ಅವಳ ಕಾಲಬಳಿ ಬಂದು ನಿಂತಿತು. ಅವಳು ಎತ್ತಿಕೊಂಡಳು. ಬಲೆ ಸರಿಸಿ ಒಳಗೆ ಹೋಗಿ, ಬಕೆಟ್ಟಿಗೂ ಹುಡುಗನಿಗೂ ನಡುವೆ ನಿಂತಳು.

"ಸಾಕು" ಅಂದಳು. ಯಾರಿಗೆಂದು ಅವಳಿಗೇ ಸ್ಪಷ್ಟವಿರಲಿಲ್ಲ.

ಸರದಿಗೆ ಕೂತಿದ್ದ ಜಯತೀರ್ಥ ನಕ್ಕ. "ಮೇಡಂ ಅಳೆಯೋಕೆ ಬಂದಿದಾರೆ ಕಣ್ರಪ್ಪಾ, ಎಲ್ಲರೂ ಹೊಟ್ಟೆ ಒಳಗೆಳ್ಕೊಳಿ!" ಗಂಡಸರೆಲ್ಲ ನಕ್ಕರು.

"ಪದ್ದೂ, ಬಾಲ್ ಕೊಡೆ" ಅಂದ ದ್ವಾರಕನಾಥ ಆ ತುದಿಯಿಂದ, ಎಲ್ಲರ ಮುಂದೆ ಬಳಸುವ ಮುದ್ದಿನ ದನಿಯಲ್ಲಿ. "ಬೆಳಕು ಹೋಗ್ತಿದೆ."

ಅವಳು ಕದಲಲಿಲ್ಲ. ಸಿದ್ಧಾಂತನ ಕಡೆ ತಿರುಗಿ, ಅವನಿಗಷ್ಟೇ ಕೇಳುವ ಹಾಗೆ ಅಂದಳು: "ಮನೆಗೆ ಹೋಗೋ. ನಾನು ಮಾತಾಡ್ತೀನಿ ಇವರ ಹತ್ರ."

ಅವನ ಮುಖದಲ್ಲಿ ಸಿಟ್ಟಿರಲಿಲ್ಲ. ಒಂದು ಮೀಟಿಂಗಿಗೆ ತಡವಾದವನ ಅವಸರವಿತ್ತು, ದೊಡ್ಡವರದ್ದು.

"ಆಗ್ಲೇ ಮಾತಾಡಿದ್ರಲ್ಲ ಆಂಟಿ" ಅಂದ. "ಅದು ಹೋಯ್ತು. ಇದನ್ನಾದ್ರೂ ನನಗೆ ಉಳಿಸಿ ಲಾ."

ಚೆಂಡಿಗಾಗಿ ಕೈ ಚಾಚಿದ. ಚಾಚಿದ್ದು ಎಡಗೈ. ಬಲಗೈ ತೊಡೆಯ ಪಕ್ಕ ಜೋತುಬಿದ್ದಿತ್ತು, ಬೆರಳುಗಳು ಇನ್ನೂ ಚೆಂಡು ಹಿಡಿದ ಹಾಗೆಯೇ ಮಡಚಿಕೊಂಡಿದ್ದವು, ಬಿಡಿಸಿಕೊಳ್ಳುತ್ತಿರಲಿಲ್ಲ.

ಪದ್ಮಜಾ ಗಂಡನ ಕಡೆ ನೋಡಿದಳು. ಅವನೂ ಅದೇ ಕೈಯನ್ನು ನೋಡುತ್ತಿದ್ದ. ನೋಡಿದ ಎಂಬುದರಲ್ಲಿ ಅವಳಿಗೆ ಅನುಮಾನವಿರಲಿಲ್ಲ. ಒಂದು ಗಳಿಗೆ ಅವನ ಬ್ಯಾಟು ನೆಲಕ್ಕೆ ಇಳಿದಿತ್ತು. ಹೊರಗೆ ಕೂತಿದ್ದವರು ಕೂಡ ನಗುವುದನ್ನು ನಿಲ್ಲಿಸಿದ್ದರು.

ಆಮೇಲೆ ದ್ವಾರಕನಾಥ ಬ್ಯಾಟಿನ ತುದಿಯಿಂದ ನೆಲವನ್ನು ಮೆಲ್ಲಗೆ ಎರಡು ಸಲ ಕುಟ್ಟಿ, ಮೊಣಕಾಲು ಬಾಗಿಸಿ, ಮುಂದಿನ ಚೆಂಡಿಗೆ ಸಿದ್ಧನಾಗಿ ನಿಂತ.